ಅಪ್ಪನನ್ನು ಆ ಮನೆಗೆ ಕರೆದುಕೊಂಡು ಹೋಗಲೋ, ಬಿಡಲೋ?

ಕೇಳಿದವರು: ಬೈಲಹೊಂಗಲ ಕಡೆಯ ಮಗಳು

ನಮ್ಮ ಅಪ್ಪ 1999ರ ಕಾರ್ಗಿಲ್ ಲಡಾಯಿಯಲ್ಲಿ ಹವಾಲ್ದಾರ್, ಸೆಕ್ಷನ್ ಅಂದರೆ ಸಣ್ಣ ತುಕಡಿಯ ಕಮಾಂಡರ್. ಹಗಲು ಹತ್ತಿದರೆ ಮೇಲೆ ಕುಳಿತವರಿಗೆ ಎಲ್ಲ ಕಾಣುತ್ತದೆ, ಅದಕ್ಕೇ ರಾತ್ರಿ ಗುಡ್ಡ ಹತ್ತುತ್ತಿದ್ದೆವು ಎಂದು ಒಮ್ಮೆ ಹೇಳಿದ್ದರು. ಅಷ್ಟೇ. ಅವರ ಸೆಕ್ಷನ್ನಿನ ಒಬ್ಬ ಹುಡುಗ ಅಲ್ಲೇ ತೀರಿಕೊಂಡ. ಅವನ ಊರು ನಮ್ಮೂರಿನಿಂದ ಒಂದು ತಾಸಿನ ದಾರಿ. ಅಪ್ಪ ಇವತ್ತಿಗೂ ಆ ಕಡೆ ಹೋಗಿಲ್ಲ. ಈಗ ಆ ಹುಡುಗನ ತಾಯಿ ಮೊಮ್ಮಗಳ ಲಗ್ನಕ್ಕೆ ಕರೆದಿದ್ದಾರೆ. ಲಗ್ನಪತ್ರಿಕೆಯನ್ನು ದೇವರ ಜಗಲಿ ಮೇಲಿಟ್ಟು ಅಪ್ಪ ಮಾತು ಬಿಟ್ಟಿದ್ದಾರೆ. ಇಂಥದ್ದನ್ನು ಕಂಡವರು ಹೇಳಿ.

ನಿವೃತ್ತ ಹವಾಲ್ದಾರ್, ಗೋಕಾಕ:

ತಂಗಿ, ನಾನು 1987ರಲ್ಲಿ ನಮ್ಮ ಶಾಂತಿಪಾಲನಾ ಪಡೆಯ ಜೊತೆ ಶ್ರೀಲಂಕಾದ ಜಾಫ್ನಾದಲ್ಲಿದ್ದೆ. ಸೆಕ್ಷನ್ ಅಂದರೆ ಹತ್ತು ಜನ. ಹೆಸರಿಗೆ ನಾನು ಕಮಾಂಡರ್. ಮಲಗುವುದು, ಉಣ್ಣುವುದು ಎಲ್ಲ ಜೊತೆಗೇ. ಯಾರ ಹೊಲದ ಮೇಲೆ ಎಷ್ಟು ಸಾಲ, ಯಾರ ಹೆಂಡತಿ ತವರಿಗೆ ಹೋಗಿದ್ದಾಳೆ, ಎಲ್ಲ ಗೊತ್ತು. ಮೇಲಿನಿಂದ 'ಸೆಕ್ಷನ್ ಮುಂದೆ ಹೋಗಲಿ' ಎಂದು ಹುಕುಂ ಬರುತ್ತದೆ. ಅದರಲ್ಲಿ ಹೆಸರು ಇರುವುದಿಲ್ಲ. ಹೆಸರು ಹಿಡಿದು 'ನೀ ಮೊದಲು ನಡಿ' ಅನ್ನುವವನು ಹವಾಲ್ದಾರ.

ದಾರಿಯಲ್ಲಿ ಮೈನ್ (ನೆಲಬಾಂಬು) ಹೂತಿರುತ್ತಿದ್ದರು. ನನ್ನ ಒಬ್ಬ ಹುಡುಗನ ಕಣ್ಣು ಬಹಳ ಚುರುಕು. ಅವನನ್ನೇ ಮುಂದೆ ಹಾಕುತ್ತಿದ್ದೆ. ಕೆಲಸ ಬಲ್ಲವನನ್ನೇ ಮತ್ತೆ ಮತ್ತೆ ಮುಂದೆ ಹಾಕುತ್ತೇವೆ ನೋಡು, ಅದೇ ಈಗಲೂ ಸುಡುವುದು. ಸ್ವಲ್ಪ ದಡ್ಡನಾಗಿದ್ದರೆ ಬದುಕುತ್ತಿದ್ದ.

'ಹೊಡೆದದ್ದು ವೈರಿ, ನೀವಲ್ಲ' ಎಂದು ಅಪ್ಪನಿಗೆ ಹೇಳಬೇಡ. ಅದು ಅವರಿಗೆ ಗೊತ್ತಿದೆ.

ನಾನು ಅವನ ಮನೆಗೆ ಹೋದದ್ದು ಆರು ವರ್ಷದ ಮೇಲೆ. ಬೈಯಲಿ, ಕಾಲರ್ ಹಿಡಿಯಲಿ ಎಂದೇ ಹೋಗಿದ್ದೆ. ಅವರಪ್ಪ ಕೇಳಿದ್ದು ಒಂದೇ ಮಾತು: 'ಅವತ್ತು ಉಂಡಿದ್ದನಾ?' ಉಂಡಿದ್ದ. ಪೂರಿ, ಆಲೂಗಡ್ಡೆ ಪಲ್ಯ. ಆ ಮುದುಕನಿಗೆ ಬೇಕಾಗಿದ್ದ ಉತ್ತರ ಆರು ವರ್ಷ ನನ್ನ ಹತ್ತಿರವೇ ಇತ್ತು.

ಸೈನಿಕರ ಪತ್ನಿ, ಮುಧೋಳ:

ನಮ್ಮವರೂ ಡ್ಯೂಟಿಯಲ್ಲೇ ಹೋದರು. ಪೆಟ್ಟಿಗೆ ಜೊತೆ ಬಂದವರಿಗೆ ಏನೂ ಗೊತ್ತಿರಲಿಲ್ಲ. ಹೇಗಾಯಿತು ಎಂದು ಕಣ್ಣಾರೆ ಕಂಡವರಿಂದ ಕೇಳಬೇಕು ಅನಿಸುತ್ತದೆ. ಆ ತಾಯಿಗೂ ಅಷ್ಟೇ ಇರಬಹುದು. ಆದರೆ ಲಗ್ನದ ಹಂದರದಲ್ಲಿ ಬೇಡಮ್ಮ. ನೂರು ಜನ ಸೇರಿರುತ್ತಾರೆ, ಯಾರೋ ಒಬ್ಬರು ಶಾಲು ಹೊದಿಸಿ ಮೈಕ್ ಕೊಡುತ್ತಾರೆ. ಬೇರೆ ದಿನ ಹೋಗಿ.

ನಿವೃತ್ತ ಸುಬೇದಾರ್, ಬೆಳಗಾವಿ ಕ್ಯಾಂಪ್:

ಅಪ್ಪನ ಸೆಕ್ಷನ್ನಿನಲ್ಲಿ ಉಳಿದವರು ಯಾರಾದರೂ ಇದ್ದಾರಾ? ಮೊದಲು ಅವರಿಗೆ ಫೋನ್ ಹಚ್ಚಿ ಕೊಡಿ. ನನ್ನ ಹೆಂಡತಿ ಮಕ್ಕಳಿಗೆ ಹೇಳಲಾಗದ್ದನ್ನು ನಾನು ಪಲ್ಟನ್ನಿನ ಗೆಳೆಯನಿಗೆ ಹೇಳಿದ್ದೇನೆ. ಅಲ್ಲಿ ಅರ್ಧ ಮಾತು ಸಾಕು.

ಸೈನಿಕರ ಮಗ, ಇಂಡಿ:

ನಿದ್ದೆ ಹೇಗಿದೆ, ಕುಡಿತ ಜಾಸ್ತಿ ಆಗಿದೆಯಾ ನೋಡಿ. ನಾವು 'ಮಿಲಿಟರಿ ಮನುಷ್ಯ, ಗಟ್ಟಿ' ಎಂದು ಸುಮ್ನೆ ಇದ್ದು ತಡ ಮಾಡಿದೆವು. ಮಾಜಿ ಸೈನಿಕರ ಆರೋಗ್ಯ ಯೋಜನೆಯ (ಇಸಿಎಚ್ಎಸ್) ಕಾರ್ಡ್ ಇದ್ದರೆ ಅಲ್ಲಿ ಡಾಕ್ಟರಿಗೆ ಹೇಳಬಹುದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಕೇಳಿದವರು:

ಎಲ್ಲ ಓದಿ ಹೇಳಿದೆ. ಗೋಕಾಕದ ಕಾಕಾ ಬರೆದದ್ದನ್ನು ಎರಡು ಸಲ ಓದಿಸಿದರು. ಲಗ್ನಕ್ಕೆ ಒಲ್ಲೆ ಎಂದರು. ಸ್ವಲ್ಪ ಹೊತ್ತಾದ ಮೇಲೆ, 'ಆ ತಾಯಿಗೆ ಕಣ್ಣು ಕಾಣಿಸುತ್ತದಂತಾ?' ಎಂದು ಕೇಳಿದರು. ಟ್ರಂಕಿನಲ್ಲಿ ಆ ಹುಡುಗನ ಒಂದು ಫೋಟೋ ಇದೆಯಂತೆ. ನಮ್ಮ ಅವ್ವನಿಗೂ ಇವತ್ತೇ ಗೊತ್ತಾಯಿತು.