ಮಾವನ ಕೆಂಪು ಪೆಟ್ಟಿಗೆ ಮೂರನೇ ಲೆವೆಲ್‌ಗೆ ಮುಗಿಯಿತು, ಮುಂದೇನು?

ದಾಳದಮ್ಮ:

ಎಲ್ಲರಿಗೂ ನಮಸ್ಕಾರ. ನಮ್ಮ ಸೋದರಮಾವ 1980ರ ದಶಕದಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಓದಿದವರು. ವಾಪಸ್ ಬರುವಾಗ ಒಂದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಪೆಟ್ಟಿಗೆ ತಂದಿದ್ದರು. ಒಬ್ಬರು ಕಥೆ ನಡೆಸಿ, ಉಳಿದವರು ಅದರೊಳಗಿನ ಪಾತ್ರಗಳಾಗಿ ದಾಳ ಹಾಕುತ್ತಾ ಆಡುವ ಆಟ. ಹೋದ ಬೇಸಿಗೆಯಲ್ಲಿ ಮೈಸೂರಿನ ಮನೆಯ ಅಟ್ಟ ಗುಡಿಸುವಾಗ ಸಿಕ್ಕಿತು. ಕೆಂಪು ಪೆಟ್ಟಿಗೆ, ಮೇಲೆ ಕೆಂಪು ಡ್ರ್ಯಾಗನ್, ಅದರೆದುರು ಕತ್ತಿ ಹಿಡಿದ ಒಬ್ಬ ವೀರ. ಒಳಗೆ ಎರಡು ಪುಸ್ತಕ, ದಾಳಗಳು, ಒಂದು ಮುರಿದ ಕ್ರೆಯಾನ್. ಕ್ರೆಯಾನ್ ಯಾಕೆ ಅಂತ ಎರಡು ದಿನ ತಲೆ ಕೆಡಿಸಿಕೊಂಡೆ. ದಾಳದ ಅಂಕಿಗಳಿಗೆ ಬಣ್ಣವೇ ಹಾಕಿಲ್ಲ, ನಾವೇ ಉಜ್ಜಿ ತುಂಬಬೇಕಂತೆ!

ಈಗ ಪ್ರತಿ ಭಾನುವಾರ ಆಟ. ಮಗಳು (12), ಅವಳ ಇಬ್ಬರು ಗೆಳತಿಯರು, ಜೊತೆಗೆ ಅರವತ್ತು ದಾಟಿದ ಮಾವ. ಕಥೆ ನಡೆಸುವ ಡಿಎಂ (ಡಂಜನ್ ಮಾಸ್ಟರ್) ನಾನೇ. ಮೊದಲ ತಿಂಗಳಲ್ಲಿ ನಾಲ್ಕು ಕ್ಯಾರೆಕ್ಟರ್ ಸತ್ತವು, ಅದರಲ್ಲಿ ಮೂರು ಮಾವನವು. ಹೇಗೋ ಎಲ್ಲರೂ ಮೂರನೇ ಲೆವೆಲ್ ಮುಟ್ಟಿದ್ದಾರೆ, ಈ ಪೆಟ್ಟಿಗೆಯ ನಿಯಮ ಅಲ್ಲಿಗೇ ಮುಗಿಯುತ್ತದೆ. ಮುಂದಕ್ಕೆ ಎಕ್ಸ್‌ಪರ್ಟ್ ಸೆಟ್ ಅನ್ನುವ ಎರಡನೇ ಪೆಟ್ಟಿಗೆ ಕೊಳ್ಳಿ ಅನ್ನುತ್ತದೆ ಪುಸ್ತಕ. ನಲವತ್ತು ವರ್ಷದ ಮೇಲೆ ಎಲ್ಲಿಂದ ತರಲಿ?

ಬೆಂಗಳೂರಿನ ಒಂದು ಅಂಗಡಿಯಲ್ಲಿ ಕೇಳಿದೆ. "ಮೇಡಂ, ಅದು ಸತ್ತುಹೋದ ಎಡಿಷನ್, ಶೋಕೇಸಲ್ಲಿ ಇಡಿ" ಅಂದರು. ನಿಜವಾಗಲೂ ಸತ್ತಿದೆಯಾ? ಯಾರೂ ಇದಕ್ಕೆ ಏನೂ ಬರೆಯುತ್ತಿಲ್ಲವಾ? ಹೊಸದನ್ನು ಮೊದಲಿನಿಂದ ಕಲಿಯುವಷ್ಟು ಪುರುಸೊತ್ತು ನನಗಿಲ್ಲ.

ಐದನೇಯವ:

ಹೊಸ ಎಡಿಷನ್‌ಗೆ, ಅಂದರೆ ಐದನೆಯದಕ್ಕೆ, ಬಂದುಬಿಡಿ. ಆಡುವವರು ಬೇಕಾದಷ್ಟು ಸಿಗುತ್ತಾರೆ, ಮಕ್ಕಳ ಕ್ಯಾರೆಕ್ಟರ್ ಅಷ್ಟು ಸುಲಭಕ್ಕೆ ಸಾಯುವುದಿಲ್ಲ, ಯೂಟ್ಯೂಬ್ ನೋಡಿಯೇ ಕಲಿಯಬಹುದು. ಹಳೇದು ನೆನಪಿಗೆ ಚೆನ್ನ ಅಷ್ಟೇ.

ಬಾರ್ಗಲ್‌ವೈರಿ:

ಸತ್ತಿದೆ ಅಂದವರು ಆಡಿ ನೋಡಿಲ್ಲ. ಕಂಪನಿ ಹೊಸ ಪುಸ್ತಕ ಬರೆಯದಿದ್ದರೆ ಆಟ ಸತ್ತಂತೆ ಅನ್ನುವುದಾದರೆ, ಚೌಕಾಬಾರಕ್ಕೆ ಯಾವ ಕಂಪನಿ ಸಪೋರ್ಟ್ ಕೊಡುತ್ತಿದೆ?

ನಿಮ್ಮದು 1983ರ ಬೇಸಿಕ್ ಸೆಟ್, ಫ್ರ್ಯಾಂಕ್ ಮೆಂಟ್ಜರ್ ಸಿದ್ಧಪಡಿಸಿದ್ದು. ಮುಚ್ಚಳದ ಡ್ರ್ಯಾಗನ್ ಬರೆದವರು ಲ್ಯಾರಿ ಎಲ್ಮೋರ್. ಪ್ರಕಟಿಸಿದ ಟಿಎಸ್ಆರ್ ಕಂಪನಿ ಇದ್ದದ್ದು ವಿಸ್ಕಾನ್ಸಿನ್‌ನ ಲೇಕ್ ಜಿನೀವಾದಲ್ಲೇ, ಮಾವ ಸರಿಯಾದ ಊರಿನ ಪಕ್ಕದಲ್ಲೇ ಓದಿದ್ದಾರೆ. ಎಕ್ಸ್‌ಪರ್ಟ್ ಅದೇ ವರ್ಷ ಬಂತು, 4ರಿಂದ 14ನೇ ಲೆವೆಲ್‌ಗೆ. ಆಮೇಲೆ 1984ರಲ್ಲಿ ಕಂಪ್ಯಾನಿಯನ್, 1985ರಲ್ಲಿ ಮಾಸ್ಟರ್, 1986ರಲ್ಲಿ ಇಮ್ಮಾರ್ಟಲ್ಸ್. ಅದಕ್ಕೂ ಮೊದಲು, 1981ರಲ್ಲಿ, ಟಾಮ್ ಮೋಲ್ಡ್‌ವೇ ಮಾಡಿದ ಇನ್ನೊಂದು ಬೇಸಿಕ್ ಇದೆ. ಅಂತರ್ಜಾಲದಲ್ಲಿ ಹುಡುಕುವಾಗ ಎರಡೂ ಬೆರೆತು ಬರುತ್ತವೆ. ಗಾಬರಿಯಾಗಬೇಡಿ, ವ್ಯತ್ಯಾಸ ಉಪ್ಪು ಖಾರದಷ್ಟು ಮಾತ್ರ.

ಮುಂದಕ್ಕೆ ಪೆಟ್ಟಿಗೆ ಹುಡುಕಬೇಡಿ. 1991ರಲ್ಲಿ ಆರನ್ ಆಲ್‌ಸ್ಟನ್ ಮೊದಲ ನಾಲ್ಕು ಪೆಟ್ಟಿಗೆಗಳನ್ನು ಒಂದೇ ಪುಸ್ತಕಕ್ಕೆ ಇಳಿಸಿದರು. ರೂಲ್ಸ್ ಸೈಕ್ಲೊಪೀಡಿಯಾ, 304 ಪುಟ, 36ನೇ ಲೆವೆಲ್‌ವರೆಗೆ. ಇದನ್ನು ಈಗಿನ ಮಾಲೀಕರಾದ ವಿಝರ್ಡ್ಸ್ ಆಫ್ ದಿ ಕೋಸ್ಟ್ ಪಿಡಿಎಫ್ ಆಗಿ ಮಾರುತ್ತಾರೆ. ಬೇಕೆಂದವರಿಗೆ ಅಚ್ಚು ಹಾಕಿಯೂ ಕಳಿಸುತ್ತಾರೆ. ನಾನು ಅಚ್ಚಿನ ಪ್ರತಿ ತರಿಸಿದೆ, ಸಾಗಾಟದ ಖರ್ಚು ನೋಡಿ ಮನೆಯವಳಿಗೆ ಬೆಲೆ ಹೇಳಲೇ ಇಲ್ಲ.

ಹಾಗಂತ ಅವರನ್ನೇ ನಂಬಿ ಕೂತಿದ್ದರೆ ಕಷ್ಟವಿತ್ತು. 2009ರ ಏಪ್ರಿಲ್‌ನಲ್ಲಿ ಅವರು ಹಳೆಯ ಪಿಡಿಎಫ್‌ಗಳ ಮಾರಾಟ ಪೂರ್ತಿ ನಿಲ್ಲಿಸಿದರು. ಮತ್ತೆ ಸಿಕ್ಕಿದ್ದು 2013ರಲ್ಲಿ. ಅಷ್ಟು ವರ್ಷ ಆಟ ಉಳಿದದ್ದು ಆಡುವವರಿಂದ. ಅದು ಹೇಗೆ ಅನ್ನುವುದೇ ಮಜಾ.

ಅಮೆರಿಕದ ಕಾನೂನಿನಲ್ಲಿ ಆಟದ ನಿಯಮಕ್ಕೆ ಕಾಪಿರೈಟ್ ಇಲ್ಲ, ಅದನ್ನು ಬರೆದ ವಾಕ್ಯಗಳಿಗೆ ಮಾತ್ರ ಇದೆ. 2000ದಲ್ಲಿ ಮೂರನೇ ಎಡಿಷನ್ ಬಂದಾಗ ಕಂಪನಿಯೇ ಓಪನ್ ಗೇಮ್ ಲೈಸೆನ್ಸ್ ಅಂತ ಒಂದು ಪರವಾನಗಿ ಕೊಟ್ಟಿತು. ಮಂತ್ರಗಳ ಹೆಸರು, ರಾಕ್ಷಸರ ಹೆಸರು ಬಹುಪಾಲು ಅದರಲ್ಲಿ ಮುಕ್ತವಾದವು. ಅವರ ಉದ್ದೇಶ ಹೊಸ ಎಡಿಷನ್‌ಗೆ ಬೇರೆಯವರು ಪುಸ್ತಕ ಬರೆಯಲಿ ಅಂತ. ಆದರೆ ಹಳಬರು ಅದೇ ಹೆಸರುಗಳನ್ನು ಹಿಡಿದು ಹಳೆಯ ಆಟವನ್ನು ತಮ್ಮ ಮಾತಿನಲ್ಲಿ ಮತ್ತೆ ಬರೆದುಬಿಟ್ಟರು! 2006ರಲ್ಲಿ ಆಸ್ರಿಕ್ ಅನ್ನುವ ಅಂಥ ಪುಸ್ತಕ ಬಂತು. ಅದು ಹುಟ್ಟಿದ್ದು ಆಡುವವರಿಗಾಗಿ ಅಲ್ಲ, ಹಳೆಯ ಎಡಿಷನ್‌ಗೆ ಕಾನೂನು ತೊಡಕಿಲ್ಲದೆ ಹೊಸ ಸಾಹಸಕಥೆ ಮಾರಬೇಕು ಅನ್ನುವ ಸಣ್ಣ ಪ್ರಕಾಶಕರಿಗಾಗಿ. ಮರುವರ್ಷ ನಮ್ಮ ಬೇಸಿಕ್ ನಿಯಮಗಳನ್ನೇ ಹೀಗೆ ಮತ್ತೆ ಬರೆದ ಲ್ಯಾಬಿರಿಂತ್ ಲಾರ್ಡ್. 2019ರಲ್ಲಿ ಗ್ಯಾವಿನ್ ನಾರ್ಮನ್ ಅವರ ಓಲ್ಡ್ ಸ್ಕೂಲ್ ಎಸೆನ್ಷಿಯಲ್ಸ್. ಅದು 1981ರ ನಿಯಮವನ್ನೇ ಒಪ್ಪವಾಗಿ ಜೋಡಿಸಿದ್ದು. ಅದಕ್ಕೆ ಅಂತ ಬಂದ ಯಾವ ಸಾಹಸವನ್ನು ಬೇಕಾದರೂ ನಿಮ್ಮ ಕೆಂಪು ಪೆಟ್ಟಿಗೆಯಲ್ಲಿ ನೇರವಾಗಿ ಆಡಬಹುದು.

ದುಡ್ಡೇ ಬೇಡ ಅಂದರೆ ಕ್ರಿಸ್ ಗೊನರ್‌ಮನ್ ಅವರ ಬೇಸಿಕ್ ಫ್ಯಾಂಟಸಿ. ನಿಯಮವೂ ಉಚಿತ, ಸಾಹಸಗಳೂ ಉಚಿತ. ಜೆರಾಕ್ಸ್ ಅಂಗಡಿಯಲ್ಲಿ ಸ್ಪೈರಲ್ ಬೈಂಡಿಂಗ್ ಮಾಡಿಸಿಕೊಳ್ಳಿ. ಅವರ ಕೆಲಸದ ರೀತಿ ಒಂದು ಹೇಳಿಬಿಡುತ್ತೇನೆ. 2023ರ ಜನವರಿಯಲ್ಲಿ ಕಂಪನಿ ಆ ಹಳೆಯ ಪರವಾನಗಿ ಬದಲಿಸಲು ಹೊರಟ ಕರಡು ಸೋರಿ ದೊಡ್ಡ ಗಲಾಟೆಯಾಯಿತಲ್ಲ, ಆ ತಿಂಗಳ ಕೊನೆಗೆ ಕಂಪನಿ ಹಿಂದೆ ಸರಿಯಿತು. ಬೇಸಿಕ್ ಫ್ಯಾಂಟಸಿಯವರು ಮಾತ್ರ ಸುಮ್ನೆ ಕೂರಲಿಲ್ಲ. ಪರವಾನಗಿಯ ಹಂಗೇ ಬೇಡ ಅಂತ ಪುಸ್ತಕ ತಿದ್ದಿ, ನಾಲ್ಕನೇ ಆವೃತ್ತಿಯನ್ನು ಕ್ರಿಯೇಟಿವ್ ಕಾಮನ್ಸ್ ಅನ್ನುವ ಬೇರೆ ಮುಕ್ತ ಪರವಾನಗಿಯ ಅಡಿಯಲ್ಲಿ ತಂದರು.

ಐದನೇಯವರಿಗೆ: ಕ್ಯಾರೆಕ್ಟರ್ ಸಾಯುವುದು ದೋಷವಲ್ಲ ಸರ್. ಇಲ್ಲಿ ಒಂದು ಚಿನ್ನದ ನಾಣ್ಯ ತಂದರೆ ಲೆವೆಲ್ ಏರಿಸುವ ಒಂದು ಅನುಭವ ಅಂಕ. ಹಾಗಾಗಿ ಮಕ್ಕಳು ಜಗಳಕ್ಕಿಂತ ಉಪಾಯ ಜಾಸ್ತಿ ಹುಡುಕುತ್ತಾರೆ.

ದಾಳದಮ್ಮ:

ಅದು ನಿಜ. ಹೋದ ವಾರ ಓಗ್ರ್ ಅನ್ನುವ ರಾಕ್ಷಸನಿಗೆ ಹುರಿದ ಮಾಂಸ ಕೊಟ್ಟು ದಾಟಿಹೋದರು. ನಾನು ಒಂದು ಗಂಟೆ ಯುದ್ಧಕ್ಕೆ ತಯಾರಾಗಿ ಕೂತಿದ್ದೆ!

ಬೇಸಿಕ್ ಫ್ಯಾಂಟಸಿ ಇಳಿಸಿಕೊಂಡೆ. ಆದರೆ ಅದರಲ್ಲಿ ಎಸಿ, ಅಂದರೆ ಏಟು ತಡೆಯುವ ಕವಚದ ಅಂಕಿ, ಗಟ್ಟಿಯಾದಷ್ಟೂ ಮೇಲಕ್ಕೆ ಹೋಗುತ್ತದೆ. ನಮ್ಮದರಲ್ಲಿ ಕಡಿಮೆಯಾದಷ್ಟೂ ಗಟ್ಟಿ. ಇದನ್ನು ಹೇಗೆ ಹೊಂದಿಸುವುದು?

ಟಾರ್ಚ್‌ಆರಿತು:

ಕಳೆಯುವ ಲೆಕ್ಕ ಬಂದರೆ ಸಾಕು ಅಕ್ಕ. ಬೇಸಿಕ್ ಫ್ಯಾಂಟಸಿಯ ಎಸಿಯನ್ನು 20ರಿಂದ ಕಳೆಯಿರಿ, ನಿಮ್ಮ ಅಂಕಿ ಬರುತ್ತದೆ. ಕವಚ ಇಲ್ಲದವನು ಅಲ್ಲಿ 11, ನಿಮ್ಮಲ್ಲಿ 9. ಓಲ್ಡ್ ಸ್ಕೂಲ್ ಎಸೆನ್ಷಿಯಲ್ಸ್‌ನಲ್ಲಿ ಎರಡೂ ಅಂಕಿ ಪಕ್ಕಪಕ್ಕ ಅಚ್ಚಾಗಿರುತ್ತವೆ, ಲೆಕ್ಕವೇ ಬೇಡ.

ಬಾರ್ಗಲ್‌ವೈರಿ ಅವರ ಒಂದು ಮಾತು ಒಪ್ಪಲಾರೆ. ರೂಲ್ಸ್ ಸೈಕ್ಲೊಪೀಡಿಯಾ ಹೊಸ ಡಿಎಂಗೆ ಭಾರ. ಅಕ್ಷರ ಸಣ್ಣ, ಬೇಕಾದದ್ದು ಬೇಕಾದಾಗ ಸಿಗುವುದಿಲ್ಲ. ಕಳ್ಳನ ಪಾತ್ರ ಆಡುವವರ ಕಥೆಯಂತೂ ಕೇಳಲೇಬೇಡಿ. ಕೌಶಲಗಳನ್ನು 36 ಲೆವೆಲ್‌ವರೆಗೆ ಎಳೆದದ್ದರಿಂದ ಪಾಪ ಆಮೆ ನಡಿಗೆ. ನಾನಾದರೆ 14ಕ್ಕೆ ಮುಗಿಯುವ 1981ರ ಪಟ್ಟಿ ಹಿಡಿಯುತ್ತೇನೆ. 14 ಮುಟ್ಟುವಷ್ಟರಲ್ಲಿ ನಿಮ್ಮ ಮಗಳು ಕಾಲೇಜಿಗೆ ಹೋಗಿರುತ್ತಾಳೆ.

ಮುಂದಿನ ಸಾಹಸಕ್ಕೆ ಐಲ್ ಆಫ್ ಡ್ರೆಡ್. ಅದು ಎಕ್ಸ್‌ಪರ್ಟ್ ಪೆಟ್ಟಿಗೆಯ ಜೊತೆಗೇ ಬರುತ್ತಿದ್ದದ್ದು, 3ರಿಂದ 7ನೇ ಲೆವೆಲ್‌ನವರಿಗೆ. ಡೈನೋಸಾರ್ ಇರುವ ದ್ವೀಪ, ಮಕ್ಕಳಿಗೆ ಇನ್ನೇನು ಬೇಕು. ಗುಡ್‌ಮನ್ ಗೇಮ್ಸ್‌ನವರು 2018ರಲ್ಲಿ ಕಂಪನಿಯ ಅನುಮತಿ ಪಡೆದು ಅದನ್ನೇ ದಪ್ಪ ಪುಸ್ತಕ ಮಾಡಿದರು. ಹಳೆಯ ಪುಟಗಳನ್ನು ಹಾಗೇ ಇಟ್ಟು, ಐದನೇ ಎಡಿಷನ್‌ಗೆ ಹೊಂದಿಸಿದ ರೂಪವನ್ನೂ ಸೇರಿಸಿದ್ದಾರೆ. ಐದನೇಯವರೂ ಆಡಬಹುದು.

ಬಾರ್ಗಲ್‌ವೈರಿ:

ಕಳ್ಳನ ವಿಷಯ ಒಪ್ಪಿದೆ. ಸೈಕ್ಲೊಪೀಡಿಯಾ ವಿಷಯ ಒಪ್ಪುವುದಿಲ್ಲ, ಅಷ್ಟು ದುಡ್ಡು ಕೊಟ್ಟಿದ್ದೇನೆ.

ಇನ್ನೊಂದು ಮರೆತೆ. ಈ ಪೆಟ್ಟಿಗೆಗಳ ಲೋಕಕ್ಕೆ ಮಿಸ್ಟಾರಾ ಅಂತ ಹೆಸರು. ಅದಕ್ಕೆ ಅಂತಲೇ ವಾಲ್ಟ್ಸ್ ಆಫ್ ಪಾಂಡಿಯಸ್ ಅನ್ನುವ ತಾಣವನ್ನು ಅಭಿಮಾನಿಗಳು ನಡೆಸುತ್ತಿದ್ದಾರೆ. ನಕ್ಷೆ, ಊರು, ದೇವರುಗಳು, ರಾಜವಂಶಗಳು ಎಲ್ಲ ಇವೆ. 2013ರಲ್ಲಿ ಅವರೇ ಥ್ರೆಶೋಲ್ಡ್ ಅಂತ ಉಚಿತ ಪತ್ರಿಕೆಯನ್ನೂ ಶುರುಮಾಡಿದರು. ಕಂಪನಿ ಕೈಬಿಟ್ಟ ಮೇಲೆ ಬರೆದದ್ದೇ ಜಾಸ್ತಿ ಅನ್ನಿಸುವಷ್ಟಿದೆ.

ದಾಳದಮ್ಮ:

ಎರಡು ಭಾನುವಾರ ಆಯಿತು, ವರದಿ ಒಪ್ಪಿಸುತ್ತಿದ್ದೇನೆ. ಐಲ್ ಆಫ್ ಡ್ರೆಡ್ ಪಿಡಿಎಫ್ ಕೊಂಡೆ. ನಕ್ಷೆಯನ್ನು ಎ3 ಹಾಳೆಯಲ್ಲಿ ಪ್ರಿಂಟ್ ಹಾಕಿಸಿ ಊಟದ ಮೇಜಿಗೆ ಅಂಟಿಸಿದ್ದೇವೆ. ಸಾರು ಚೆಲ್ಲಿ ಒಂದು ಕಡಲತೀರ ಹಳದಿಯಾಗಿದೆ.

ಮಾವನಿಗೆ ಒಂದೇ ಕೊರಗು. ಪೆಟ್ಟಿಗೆಯ ಆಟಗಾರರ ಪುಸ್ತಕದಲ್ಲಿ ಒಬ್ಬರೇ ಆಡಿಕೊಳ್ಳುವ ಕಥೆ ಇದೆಯಲ್ಲ, ಅದರಲ್ಲಿ ಅಲೀನಾ ಅನ್ನುವ ಹುಡುಗಿಯನ್ನು ಬಾರ್ಗಲ್ ಅನ್ನುವ ಮಾಂತ್ರಿಕ ಕೊಂದುಬಿಡುತ್ತಾನೆ. ಮಾವ ಅದನ್ನು ಹಾಸ್ಟೆಲ್ ಕೋಣೆಯಲ್ಲಿ ಒಬ್ಬರೇ ಕೂತು ಓದಿದ್ದಂತೆ. "ಅವನು ಈಗ ಎಲ್ಲಿದ್ದಾನೆ ಅಂತ ನಿನ್ನ ಆ ಜನರನ್ನೇ ಕೇಳು" ಅಂದಿದ್ದಾರೆ.

ಬಾರ್ಗಲ್‌ವೈರಿ:

ನನ್ನ ಹೆಸರು ನೋಡಿಯೂ ಈಗ ಕೇಳುತ್ತಿದ್ದೀರಲ್ಲ! 1987ರಲ್ಲಿ ಬಂದ, ಮಿಸ್ಟಾರಾದ ಒಂದು ನಾಡನ್ನು ವಿವರಿಸುವ ಕರಮೈಕೋಸ್ ಗೆಜೆಟಿಯರ್ ತೆಗೆಯಿರಿ. ಬ್ಲ್ಯಾಕ್ ಈಗಲ್ ಬ್ಯಾರನ್ ಹತ್ತಿರ ಕೆಲಸಕ್ಕಿದ್ದಾನೆ. ಮಾವನಿಗೆ ಹೇಳಿ, ಮೂರನೇ ಲೆವೆಲ್‌ನಲ್ಲಿ ಹೋಗಬೇಡಿ ಅಂತ.