ಸಹಾಯ ಬೇಕು: ಮನೆಗೂ ಮರಗೆಲಸದ ಶೆಡ್ಡಿಗೂ ಬಿಸಿ

ನಮಸ್ಕಾರ. ಮಡಿಕೇರಿ ಹತ್ತಿರ ನಮ್ಮದು ಹಂಚಿನ ಮನೆ, ಪಕ್ಕದ ತಗಡಿನ ಶೆಡ್ಡಿನಲ್ಲಿ ಮರಗೆಲಸ. ಹುತ್ತರಿ ಕಳೆದ ಮೇಲೆ ಬೆಳಗಿನ ಚಳಿಗೆ ಉಳಿ ಹಿಡಿದ ಬೆರಳು ಮಡಚುವುದಿಲ್ಲ. ಅದನ್ನು ನಾನು ತಡೆದುಕೊಳ್ಳುತ್ತೇನೆ, ಅಂಟು ತಡೆದುಕೊಳ್ಳುವುದಿಲ್ಲ. 10 ಡಿಗ್ರಿಯ ಆಸುಪಾಸಿಗೆ ಇಳಿದರೆ ಬಿಳಿ ಅಂಟು ಗಾಜಿನಂತೆ ತಿಳಿಯಾಗಿ ಒಣಗುವ ಬದಲು ಸುಣ್ಣದ ಪುಡಿಯಂತೆ ಬೆಳ್ಳಗೆ ಉಳಿಯುತ್ತದೆ. ಮೊನ್ನೆ ಹಲಸಿನ ಕುರ್ಚಿಯ ಕಾಲೊಂದು ಕೈಯಲ್ಲೇ ಕಳಚಿ ಬಂತು.

2,000 ವ್ಯಾಟ್ ಹೀಟರ್ ಗಂಟೆಗೆ 2 ಯೂನಿಟ್ ನುಂಗಿ ನನ್ನ ಮೊಣಕಾಲನ್ನಷ್ಟೇ ಬೆಚ್ಚಗಿಡುತ್ತದೆ. ಕೆಂಡದ ಬಾಣಲೆ ಒಳಗಿಡಲು ಹೆದರಿಕೆ: ಕೆಂಡದಿಂದ ಬರುವ ವಿಷಾನಿಲ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೇ ಇಲ್ಲ, ಮೇಲಾಗಿ ಶೆಡ್ಡಿನ ತುಂಬ ಮರದ ಹೊಟ್ಟು. "ನಾವು ಒಲೆಯ ಪಕ್ಕವೇ ಮಲಗುತ್ತಿದ್ದೆವಲ್ಲ" ಎನ್ನುತ್ತಾರೆ ಅಮ್ಮ. ಆಗ ಹಂಚಿನ ಸಂದಿಯಲ್ಲಿ ಹೊಗೆ ಹೋಗುತ್ತಿತ್ತು. ಈಗ ಕೆಳಗೆ ಸೀಲಿಂಗ್ ಹೊಡೆಸಿದ್ದೇವೆ.

ತೋಟದ ಮರಕಪಾತಿನ (ನೆರಳಿನ ಮರಗಳ ಕೊಂಬೆ ಕಡಿಯುವ ಕೆಲಸ) ಸಿಲ್ವರ್ ಓಕ್ ಸೌದೆ ಬೇಕಾದಷ್ಟಿದೆ. ಹೊಗೆ ಕೊಳವೆಯಿರುವ ಕಬ್ಬಿಣದ ಒಲೆಯನ್ನು ಯಾರಾದರೂ ಕೂರಿಸಿದ್ದೀರಾ? ಕೊಳವೆ ತಗಡನ್ನು ದಾಟುವಲ್ಲಿ ನಮ್ಮ ಮಳೆಗೆ ಸೋರದಂತೆ ಏನು ಮಾಡಿದಿರಿ? ಕುಶಾಲನಗರ, ವಿರಾಜಪೇಟೆ ಕಡೆ ಇಂಥ ಒಲೆ ಬೆಸುಗೆ ಹಾಕಿಕೊಡುವವರು ಗೊತ್ತಿದ್ದರೂ ತಿಳಿಸಿ.