ಸಹಾಯ ಬೇಕು: ಹೆಂಚಿನ ಮಾಡು ಬದಲಿಸಲು ಎಷ್ಟು ದಿನ ಬೇಕು?

ನಮಸ್ಕಾರ. ನಮ್ಮ ಮನೆಯ ಹೆಂಚಿನ ಮಾಡು ಪೂರ್ತಿ ಬಿಚ್ಚಿ ಹೊಸದಾಗಿ ಹೊದಿಸಬೇಕು. ಒಬ್ಬ ಮೇಸ್ತ್ರಿ 3 ದಿನ ಸಾಕು ಅನ್ನುತ್ತಾರೆ, ಇನ್ನೊಬ್ಬರು 2 ವಾರ. ಇಷ್ಟು ವ್ಯತ್ಯಾಸ ಯಾಕೆ? ಹೆಂಚು ಇಳಿಸುವುದು ಬೇಗ ಮುಗಿಯುತ್ತದೆ, ಸರಿ. ಆದರೆ ಕೆಳಗಿನ ರೀಪು (ಹೆಂಚು ಕೂರುವ ಮರದ ಪಟ್ಟಿ), ಅದನ್ನು ಹೊರುವ ಪಕ್ಕಾಸು ಮರಗಳ ಸ್ಥಿತಿ ಬಿಚ್ಚಿದ ಮೇಲೇ ಗೊತ್ತಾಗುವುದು ಅಲ್ವಾ? ಅಡುಗೆಮನೆ ಮೂಲೆಯ ರೀಪನ್ನು ಸ್ಕ್ರೂಡ್ರೈವರ್‌ನಿಂದ ಚುಚ್ಚಿದರೆ ಹಿಟ್ಟಿನಂತೆ ಉದುರುತ್ತದೆ. ಗೆದ್ದಲೇ ಇರಬೇಕು. ಮರ ಬದಲಿಸಿ, ಗೆದ್ದಲಿಗೆ ಔಷಧಿ ಹೊಡೆಸಿದರೆ ಎಷ್ಟು ದಿನ ಜಾಸ್ತಿ ಆಗಬಹುದು?

ಒಂದೊಂದೇ ಪಕ್ಕ ಬಿಚ್ಚಿಸಿದರೆ ಮನೆಯಲ್ಲೇ ಇರಬಹುದಾ? ನಡುವೆ ಮಳೆ ಬಂದರೆ ಟಾರ್ಪಾಲು ತಡೆಯುತ್ತದಾ?

ಮಾಡಿಸಿದವರು ದಯವಿಟ್ಟು ಹೇಳಿ. ಮನೆಯ ಅಳತೆ, ಕೆಲಸದವರು ಎಷ್ಟು ಜನ ಇದ್ದರು ಅನ್ನುವುದನ್ನೂ ಬರೆಯಿರಿ. ಸುಮ್ನೆ ದಿನದ ಲೆಕ್ಕ ಮಾತ್ರ ಕೊಟ್ಟರೆ ಹೋಲಿಸಿ ನೋಡಲು ಆಗುವುದಿಲ್ಲ.